ಹನ್ನೊಂದು ಗಡಿಯಾರ, ಒಂದು ಪಿಯಾನೋ, ಎರಡು ಇನ್‌ಬಾಕ್ಸ್

ಲೋಲಕ ನನ್ನ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು.

ಹಿತ್ತಾಳೆಯದು. ಊಟದ ತಟ್ಟೆಯಷ್ಟು ಅಗಲ. ಅದರ ಉದ್ದ ಕಡ್ಡಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದು ನಿಂತಿದ್ದ ಆಯಮ್ಮನಿಗೆ ಅರವತ್ತು ದಾಟಿತ್ತು. ತೋಳಿಗೆ ಮಾತ್ರ ಆ ಸುದ್ದಿ ಇನ್ನೂ ತಲುಪಿರಲಿಲ್ಲ.

"ಪಕ್ಕಕ್ಕೆ ಸರೀರಿ!" ಅಂದರು.

ನನ್ನ ಬೆನ್ನ ಹಿಂದೆ ಇನ್ನೊಬ್ಬರು. ಸಣಕಲು ಆಸಾಮಿ. ಕೈಯಲ್ಲಿ ಪಿಯಾನೋ ತಂತಿ ಬಿಗಿಮಾಡುವ ಕಬ್ಬಿಣದ ಕೀಲಿ. ಅದು ಗಡಗಡ ನಡುಗುತ್ತಿತ್ತು. ಗಟ್ಟಿ ಕೈಯಲ್ಲಿರುವ ಕಬ್ಬಿಣಕ್ಕೆ ನಾನು ಹೆದರುವವಳಲ್ಲ, ತಂಗಿ. ನಡುಗುವ ಕೈಯಲ್ಲಿರುವುದಕ್ಕೆ ಹೆದರುತ್ತೇನೆ. ಎಲ್ಲಿ ಬೀಳುತ್ತೇನೆ ಅಂತ ಅದಕ್ಕೇ ಗೊತ್ತಿರುವುದಿಲ್ಲ!

"ಮೊದಲು ಆ ಯಮ್ಮನಿಗೆ ಸರಿಯೋಕೆ ಹೇಳಿ!" ಅಂದರು ಸಣಕಲು.

ಮೂರನೇ ಮಹಡಿ. ಮೆಟ್ಟಿಲು ಮುಗಿಯುವ ಕಡೆ ನಾಲ್ಕು ಹೆಜ್ಜೆ ಜಾಗ. ಅಕ್ಕಪಕ್ಕ ಎರಡು ಬಾಗಿಲು. ಮಧ್ಯೆ ನಾನು... ಹೆಗಲ ಮೇಲೆ ನಲವತ್ತು ಚಾದರದ ಮೂಟೆ.

ಇಬ್ಬರೂ ಇರುವೆ ಕಂಡರೆ ದಾಟಿ ಹೋಗುವಂಥವರು. ಅಂಥವರ ಕೈಗೆ ಆಯುಧ ಬರುವ ಹಾಗೆ ಮಾಡಿದ ಪಾಪಿ ಯಾರು ಗೊತ್ತಾ?

ನಾನೇ.

ಫ್ರೀಲಾನ್ಸ್ ವರ್ಚುವಲ್ ಅಸಿಸ್ಟೆಂಟ್ ಆಗಬೇಕು, ಎಲ್ಲಿಂದ ಶುರು ಮಾಡಲಿ ಅಂತ ಕೇಳಿದೆಯಲ್ಲ. ಕೂತ್ಕೋ. ನಾನು ಶುರು ಮಾಡಿದ್ದು ಹೇಳ್ತೀನಿ. ಅದನ್ನು ಬಿಟ್ಟು ಬೇರೆ ಹೇಗೆ ಬೇಕಾದರೂ ನೀನು ಮಾಡು.

ಹದಿನೆಂಟು ವರ್ಷ ನನ್ನ ಕಸುಬು ಬೇರೆ ಇತ್ತು. ತಲೆತಪ್ಪಿಸಿಕೊಂಡವರನ್ನು ಹುಡುಕಿ ತರೋದು. ಯಾರೇ ಆಗಲಿ, ಎಲ್ಲೇ ಅಡಗಿರಲಿ. ಬಾಗಿಲು ತಟ್ಟುತ್ತಿದ್ದೆ, ಹೆಸರು ಹಿಡಿದು ಕರೆಯುತ್ತಿದ್ದೆ, ಅವರೇ ಚಪ್ಪಲಿ ಮೆಟ್ಟಿಕೊಂಡು ಹೊರಡುತ್ತಿದ್ದರು. ಕೈ ಎತ್ತಿದವಳಲ್ಲ. ಮಾತು ಸಾಕಿತ್ತು.

ಆಮೇಲೆ ಒಂದು ಕಾಂಪೌಂಡ್ ಹಾರಿದೆ. ನಾನು ಹಾರಿದೆ, ಮೊಣಕಾಲು ಹಾರಲಿಲ್ಲ.

ಡಾಕ್ಟರು ಎಕ್ಸ್‌ರೇ ಫಿಲ್ಮ್ ಬೆಳಕಿಗೆ ಹಿಡಿದು ನೋಡಿ, "ಇನ್ನು ಕೂತು ಮಾಡೋ ಕೆಲಸ ನೋಡಿಕೊಳ್ಳಿ" ಅಂದರು.

ಕೂತು ಮಾಡುವ ಕೆಲಸ! ನನ್ನ ತಮ್ಮನ ಹತ್ತಿರ ಒಂದು ರೆಡಿ ಇತ್ತು. ಅವನದು ಲಾಂಡ್ರಿ. ಅಲ್ಲಿ ಜೋಡಿ ತಪ್ಪಿದ ಕಾಲುಚೀಲಗಳದೇ ಒಂದು ಕೋಣೆ ಇದೆ. ಬೆಳಗಿಂದ ಸಂಜೆವರೆಗೆ ಕೂತು, ಒಂದೊಂದಕ್ಕೂ ಅದರ ಸಂಗಾತಿಯನ್ನು ಹುಡುಕಬೇಕು.

"ನಿನ್ನ ಹಳೇ ಕಸುಬೇ ಅಲ್ವಾ ಅಕ್ಕ?" ಅಂದ. "ತಪ್ಪಿಸಿಕೊಂಡವರನ್ನ ಹುಡುಕೋದು!"

ನಗಲಿಲ್ಲ ನಾನು. ಎಂಥೆಂಥ ಗೂಂಡಾಗಳನ್ನು ನೋಡಿದವಳು... ಆ ಕೋಣೆಯ ಬಾಗಿಲಲ್ಲಿ ನಿಂತಾಗ ಮಾತ್ರ ಎರಡು ಹೆಜ್ಜೆ ಹಿಂದೆ ಸರಿದೆ.

"ಒಂದು ತಿಂಗಳು ಟೈಮ್ ಕೊಡು" ಅಂದೆ. "ಆನ್‌ಲೈನ್ ಕೆಲಸ ಹುಡುಕ್ಕೋತೀನಿ. ವರ್ಚುವಲ್ ಅಸಿಸ್ಟೆಂಟ್. ಎಲ್ಲೋ ಇರೋರ ಮೇಲ್, ಕ್ಯಾಲೆಂಡರ್, ಪತ್ರ ಎಲ್ಲಾ ಇಲ್ಲೇ ಕೂತು ನೋಡ್ಕೊಳ್ಳೋದು."

"ಒಂದು ತಿಂಗಳು. ಅಷ್ಟರೊಳಗೆ ಒಬ್ಬ ಗಿರಾಕಿ ಆದ್ರೂ ನಿನ್ನ ಬಗ್ಗೆ ಒಳ್ಳೇ ನಾಲ್ಕು ಮಾತು ಬರೀಬೇಕು. ಇಲ್ಲಾಂದ್ರೆ ಕಾಲುಚೀಲ!"

ಇಸ್ತ್ರಿ ಕೋಣೆಯ ಮೂಲೆಯಲ್ಲಿ, ದಿಂಬಿನ ಚೀಲದ ರಾಶಿಯ ಪಕ್ಕ ಲ್ಯಾಪ್‌ಟಾಪ್ ಇಟ್ಟೆ. ದೇವರಿಗೆ ಕೈಮುಗಿದೆ. ಪ್ರೊಫೈಲ್ ಬರೆದೆ.

"ಹದಿನೆಂಟು ವರ್ಷದ ಅನುಭವ. ಎರಡನೇ ಸಲ ಹೇಳುವುದಿಲ್ಲ."

ಹದಿನೈದು ದಿನ ಒಂದು ನೊಣವೂ ಹತ್ತಿರ ಬರಲಿಲ್ಲ.

ತಮ್ಮ ಬಗ್ಗಿ ಓದಿದ. "ಅಕ್ಕಾ, ಇದು ಕೆಲಸ ಕೇಳೋ ರೀತಿನಾ? ಕಿಡ್ನ್ಯಾಪ್ ಮಾಡಿರೋ ಹಾಗಿದೆ! 'ಸಮಯಪಾಲನೆ, ಗುಟ್ಟು ಕಾಪಾಡುವಿಕೆ, ನಗುಮೊಗದ ಸೇವೆ' ಅಂತ ಬರಿ."

"ನಗುಮೊಗ ಎಲ್ಲಿಂದ ತರ್ಲೋ?"

"ಫೋಟೋ ಹಾಕ್ಬೇಡ. ಅಷ್ಟೇ."

ಬದಲಾಯಿಸಿದೆ. ಗುಟ್ಟು ಕಾಪಾಡುವಿಕೆ ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಹಾಕಿದೆ. ಅದೊಂದೇ ಅದರಲ್ಲಿ ಸತ್ಯವಾಗಿದ್ದದ್ದು. ಒಬ್ಬರ ಮಾತನ್ನು ಇನ್ನೊಬ್ಬರ ಕಿವಿಗೆ ಹಾಕಿದವಳಲ್ಲ ನಾನು. ಹಳೇ ಕಸುಬಿನಲ್ಲೂ ಅಷ್ಟೇ.

ಮರುದಿನವೇ ಇಬ್ಬರು ಬಿದ್ದರು. ಎರಡೆರಡು ವಾರದ ಟ್ರಯಲ್.

ಮೊದಲನೆಯವರು ಗಡಿಯಾರ ರಿಪೇರಿ ಮಾಡುವ ಹೆಂಗಸು. ಗಡಿಯಾರದಮ್ಮ ಅಂತ ಇಟ್ಟುಕೋ. ಫೋನಿನಲ್ಲಿ ಅವರ ಮಾತಿನ ಹಿಂದೆ ಸದಾ ಟಿಕ್ ಟಿಕ್.

"ನಂಗೆ ಬರೆಯೋಕೆ ಬರಲ್ಲ ಕಣ್ರೀ" ಅಂದರು. "ಪಕ್ಕದ ಮನೆಯವರು ಮಧ್ಯಾಹ್ನ ಒಂದು ಗಂಟೆಗೆ ಸರಿಯಾಗಿ ಧಬಧಬ ಅಂತ ಅದೇನೋ ಬಾರಿಸ್ತಾರೆ. ನನ್ನ ಸ್ಕ್ರೂ ಎಲ್ಲಾ ಮೇಜಿಂದ ಉರುಳಿ ಹೋಗ್ತವೆ. ಸ್ವಲ್ಪ ಗಟ್ಟಿಯಾಗಿ ಒಂದು ಮೇಲ್ ಹಾಕಿ."

ಎರಡನೆಯವರು ಸಂಗೀತದ ಮೇಷ್ಟ್ರು. ಪಿಯಾನೋ ಹೇಳಿಕೊಡುವವರು. ಅವರಿಗೂ ಅದೇ ಗೋಳು.

"ಪಕ್ಕದ ಮನೇಲಿ ಸಂಜೆ ಐದಕ್ಕೆ ಗಂಟೆಗಳು ಹೊಡ್ಕೊಳ್ತವೆ. ಒಂದಲ್ಲ, ಎರಡಲ್ಲ... ಹನ್ನೊಂದು! ಎದೆ ಹಾರಿಹೋಗುತ್ತೆ. ಖಾರವಾಗಿ ಏನಾದ್ರೂ ಬರೆದು ಹಾಕ್ತೀರಾ?"

ಗೊತ್ತಾಗಬೇಕಿತ್ತು ನನಗೆ. ಆದರೆ ಹೊಸ ಕೆಲಸ, ಹೊಸ ಹುರುಪು. ಗಡಿಯಾರದಮ್ಮನ ಇನ್‌ಬಾಕ್ಸ್ ತೆರೆದೆ. ಬರೆದೆ.

"ನಿಮ್ಮ ಗೋಡೆ ನನಗೂ ಗೋಡೆ. ಒಂದು ಗಂಟೆಯ ಗಲಾಟೆ ನಿಲ್ಲಲಿ. ನಿಮಗೆ ಹತ್ತು ಬೆರಳಿವೆ. ಹತ್ತೂ ಇರಲಿ ಅಂತ ನನ್ನ ಆಸೆ."

ಅವರು ಕೊಟ್ಟ ಐಡಿಗೆ, ಯಾರದು ಅಂತ ನೋಡದೆ ಕಳಿಸಿದೆ. ಚಹಾ ಒಂದು ಗುಟುಕು ಕುಡಿದೆ.

ಟಣ್!

ಮೇಷ್ಟ್ರ ಇನ್‌ಬಾಕ್ಸ್‌ಗೆ ಒಂದು ಹೊಸ ಮೇಲ್. ತೆರೆದೆ. "ನಿಮ್ಮ ಗೋಡೆ ನನಗೂ ಗೋಡೆ..."

ನನ್ನ ಬೆದರಿಕೆ ನನಗೇ ಬಂದಿತ್ತು. ಚೆನ್ನಾಗಿತ್ತು. ಬೆವರು ಬಂತು.

ಈಗ ಏನು ಮಾಡುತ್ತೀ ತಂಗಿ? ಗಡಿಯಾರದಮ್ಮನಿಗೆ ಹೇಳಿದರೆ ಮೇಷ್ಟ್ರ ಗುಟ್ಟು ಬಿಟ್ಟಹಾಗೆ. ಮೇಷ್ಟ್ರಿಗೆ ಹೇಳಿದರೆ ಅಮ್ಮನ ಗುಟ್ಟು. ಯಾರನ್ನಾದರೂ ಕೈಬಿಟ್ಟರೆ ಅವರು ನನ್ನ ಬಗ್ಗೆ ಬರೆಯುವ ನಾಲ್ಕು ಮಾತು ಒಳ್ಳೆಯವಾಗಿರುವುದಿಲ್ಲ. ಆಚೆ ಕೋಣೆಯಿಂದ ಕಾಲುಚೀಲದ ವಾಸನೆ ಬರುತ್ತಿತ್ತು...

ಅಷ್ಟರಲ್ಲಿ ಮೇಷ್ಟ್ರ ಫೋನು. "ನೋಡಿದ್ರಾ? ಬೆರಳಿನ ವಿಷಯ ಎತ್ತಿದಾರೆ! ಉತ್ತರ ಬರೀರಿ! ಬಿಡಬೇಡಿ!"

ಬರೆದೆ.

"ಪತ್ರ ತಲುಪಿತು. ಐದಕ್ಕೆ ನಿಮ್ಮಲ್ಲಿ ಹನ್ನೊಂದು ಗಂಟೆ ಮೊಳಗುತ್ತವೆ. ಹನ್ನೆರಡನೆಯದೂ ಮೊಳಗಬಹುದು. ಅದು ಗಡಿಯಾರದ್ದಾಗಿರುವುದಿಲ್ಲ."

ಟಣ್!

ಗಡಿಯಾರದಮ್ಮ ಫೋನ್ ಮಾಡಿದರು. ದನಿ ನಡುಗುತ್ತಿತ್ತು. ಹೆದರಿಕೆ ಅಂದುಕೊಂಡೆ. ಅಲ್ಲ! ಖುಷಿ! "ನನ್ನ ಹೆಸರಲ್ಲಿ ಹೋದದ್ದನ್ನ ನಾನೇ ಮೂರು ಸಲ ಓದ್ಕೊಂಡೆ ಕಣ್ರೀ. ಬೆನ್ನು ನೆಟ್ಟಗಾಯ್ತು! ಇನ್ನೊಂದು ಹಾಕಿ!"

ಒಂಬತ್ತು ದಿನ. ಹದಿನಾಲ್ಕು ಪತ್ರ. ಗುಡುಗಿದವಳೂ ನಾನೇ, ಬೆಚ್ಚಿದವಳೂ ನಾನೇ. ಊಟಕ್ಕೆ ಕೂತರೆ ನನ್ನ ಮೇಲೇ ನನಗೆ ಸಿಟ್ಟು ಬರುತ್ತಿತ್ತು.

ಹಳೇ ಕಸುಬಿನ ಒಂದು ಅಭ್ಯಾಸ ಇತ್ತು. ಬೆದರಿಸುವ ಮೊದಲು ಆಳಿನ ಮೆತ್ತನೆ ಜಾಗ ಎಲ್ಲಿ ಅಂತ ತಿಳಿದುಕೊಳ್ಳಬೇಕು. ಅದಕ್ಕೇ ಇಬ್ಬರನ್ನೂ ಕೇಳಿದೆ. ನಿಮ್ಮ ಶತ್ರುವಿನ ಬಗ್ಗೆ ಏನೇನು ಗೊತ್ತು, ಹೇಳಿ.

ಮೇಷ್ಟ್ರು ಹೇಳಿದರು: "ಆ ಯಮ್ಮ ಗಡಿಯಾರ ಬಿಚ್ಚಿಟ್ಟುಕೊಂಡ್ರೆ ಊಟ ಮರೀತಾರೆ. ಒಂದ್ಸಲ ಮಧ್ಯಾಹ್ನ ತಲೆಸುತ್ತಿ ಮೆಟ್ಟಿಲ ಹತ್ರ ಬಿದ್ದಿದ್ರು. ಅದಕ್ಕೇ ನಾನು ಒಂದು ಗಂಟೆಗೆ ಜೋರಾಗಿ ಬಾರಿಸೋದು. ಸಿಟ್ಟು ಬಂದಾದ್ರೂ ಎದ್ದು ಎರಡು ತುತ್ತು ತಿನ್ನಲಿ ಅಂತ. ಇದನ್ನ ಅವರಿಗೆ ಹೇಳೀರಾ ಮತ್ತೆ!"

ಗಡಿಯಾರದಮ್ಮ ಹೇಳಿದರು: "ಆ ಮನುಷ್ಯನಿಗೆ ಸೊಂಟದ ತೊಂದರೆ. ಆದ್ರೂ ಮಕ್ಕಳೆಲ್ಲ ಹೋದ ಮೇಲೂ ಬಗ್ಗಿಕೊಂಡು ಬಾರಿಸ್ತಾನೇ ಇರ್ತಾರೆ, ಕತ್ತಲಾದ್ರೂ ಏಳಲ್ಲ. ಅದಕ್ಕೇ ನಾನು ಹನ್ನೊಂದೂ ಗಡಿಯಾರನ ಗೋಡೆ ಕಡೆ ತಿರುಗಿಸಿ ಐದಕ್ಕೆ ಬಿಡೋದು. ಬೆಚ್ಚಿಬಿದ್ದಾದ್ರೂ ಎದ್ದು ನಿಲ್ಲಲಿ. ಅಯ್ಯೋ, ಇದನ್ನ ಪತ್ರದಲ್ಲಿ ಹಾಕ್ಬೇಡಿ, ಸದರ ಆಗುತ್ತೆ!"

ಎರಡನ್ನೂ ಬರೆದುಕೊಂಡೆ. ನೋಡಿದೆ. ಬೆದರಿಕೆಗೆ ಕವಡೆಯಷ್ಟೂ ಉಪಯೋಗವಿಲ್ಲ. 'ಕಸ' ಅಂತ ಒಂದು ಫೋಲ್ಡರ್ ಮಾಡಿ ಅದರಲ್ಲಿ ಹಾಕಿದೆ.

ದೇವರು ನನ್ನ ಅಂಗೈಯಲ್ಲೇ ಉತ್ತರ ಇಟ್ಟಿದ್ದ. ನಾನು ಅದನ್ನು ಫೈಲ್ ಮಾಡಿಟ್ಟೆ!

ಈಗ ಅಸಲಿ ತಪ್ಪಿಗೆ ಬರ್ತೀನಿ. ಕಿವಿಗೊಟ್ಟು ಕೇಳು, ನಿನಗೂ ಆಗಬಹುದು.

ಇಬ್ಬರಿಗೂ ಒಂದೇ ಕೆಟ್ಟ ಚಾಳಿ. ಯಾರಾದರೂ ಅಪಾಯಿಂಟ್‌ಮೆಂಟ್ ಕೇಳಿದರೆ ಮೂರು ದಿನ ಉತ್ತರ ಕೊಡರು. ನಾನು ಜಾಣೆ! ಎರಡೂ ಕ್ಯಾಲೆಂಡರಿನಲ್ಲಿ ಒಂದು ನಿಯಮ ಹಾಕಿಟ್ಟೆ. ಮೇಲ್‌ನಲ್ಲಿ ದಿನ, ಹೊತ್ತು, ಜಾಗ ಕಂಡರೆ ತಾನಾಗಿ ಭೇಟಿ ನಿಗದಿಯಾಗಬೇಕು. ಆಹ್ವಾನ ಬಂದರೆ ತಾನಾಗಿ ಒಪ್ಪಿಗೆ ಹೋಗಬೇಕು.

ಶುಕ್ರವಾರ ಗಡಿಯಾರದಮ್ಮನ ಪರವಾಗಿ ಹದಿನೈದನೇ ಪತ್ರ ಬರೆದೆ. ಕೊನೆಗೆ ಒಂದು ಗತ್ತು ಇರಲಿ ಅಂತ ಸೇರಿಸಿದೆ:

"ಶನಿವಾರ ಬೆಳಗ್ಗೆ ಹನ್ನೊಂದು. ಮೂರನೇ ಮಹಡಿ, ಮೆಟ್ಟಿಲ ಮೇಲೆ. ಧೈರ್ಯ ಇದ್ದರೆ ಬನ್ನಿ."

ಬರೀ ಮಾತಿನ ಗತ್ತು! ಯಾರೂ ಹೋಗುವವರಲ್ಲ!

ಕ್ಯಾಲೆಂಡರಿಗೆ ಗತ್ತು ಅರ್ಥವಾಗುವುದಿಲ್ಲ, ತಂಗಿ. ಭೇಟಿ ನಿಗದಿ ಮಾಡಿತು. ಮೇಷ್ಟ್ರಿಗೆ ಆಹ್ವಾನ ಹೋಯಿತು. ಮೇಷ್ಟ್ರ ಕ್ಯಾಲೆಂಡರ್ ಕ್ಷಣದಲ್ಲಿ ಒಪ್ಪಿಕೊಂಡಿತು... "ಸಂತೋಷದಿಂದ ಬರುತ್ತೇನೆ" ಅನ್ನುವ ಸಾಲಿನ ಜೊತೆ. ಆ ಸಾಲು ನಾನೇ ಬರೆದಿಟ್ಟದ್ದು. ನಗುಮೊಗದ ಸೇವೆ!

ನನಗೆ ಗೊತ್ತಾದದ್ದು ಶನಿವಾರ ಹತ್ತೂವರೆಗೆ. ಫೋನಿಗೆ ಎರಡು ಮೆಸೇಜು.

ಗಡಿಯಾರದಮ್ಮ: "ನೀವು ಹೇಳಿದ ಹಾಗೇ. ಹೊರಡೋವಾಗ ದೊಡ್ಡ ಗಡಿಯಾರದ ಲೋಲಕ ಕಿತ್ಕೊಂಡು ಬರ್ತೀನಿ."

ಮೇಷ್ಟ್ರು: "ಸಂತೋಷದಿಂದ ಯಾಕೆ ಅಂತ ಗೊತ್ತಾಗಲಿಲ್ಲ. ಆದ್ರೂ ಹೋಗ್ತೀನಿ. ಕಬ್ಬಿಣದ್ದು ಕೈಲಿದೆ."



ಫೋನ್ ಮಾಡಿದೆ. ಎತ್ತಲಿಲ್ಲ. ಇನ್ನೊಬ್ಬರಿಗೆ ಮಾಡಿದೆ. ಎತ್ತಲಿಲ್ಲ. ವಿಳಾಸ ಮೇಲ್‌ನ ಕೆಳಗೇ ಇತ್ತು. ಇಷ್ಟು ದಿನ ಯಾವುದೋ ಲೋಕದಲ್ಲಿದ್ದಾರೆ ಅಂದುಕೊಂಡಿದ್ದೆ. ನೋಡಿದರೆ ಹನ್ನೆರಡು ಬೀದಿ ಆಚೆ!

ಹೊರಗೆ ತಮ್ಮನ ಡೆಲಿವರಿ ಸೈಕಲ್ ನಿಂತಿತ್ತು. ಮುಂದೆ ತೊಟ್ಟಿಲಷ್ಟು ದೊಡ್ಡ ಬುಟ್ಟಿ. ಬುಟ್ಟಿಯಲ್ಲಿ ಮೂಟೆ. ಹತ್ತಿದೆ!

"ಅಕ್ಕಾ! ಅದರಲ್ಲಿ ಹೋಟೆಲ್ ಚಾದರ ಇದೆ! ಅಕ್ಕಾ!"

ತಿರುಗಿ ನೋಡಿದೆ. ತಮ್ಮ ಓಡಿ ಬರುತ್ತಿದ್ದ. ಕೈಯಲ್ಲಿ ಬಿಸಿ ಇಸ್ತ್ರಿಪೆಟ್ಟಿಗೆ, ಇಟ್ಟು ಬರುವ ಪುರುಸೊತ್ತು ಇರಲಿಲ್ಲ ಪಾಪ. ಬೀದಿಯ ಜನ ಪಕ್ಕಕ್ಕೆ ಹಾರಿದರು. ಒಬ್ಬಾತ ತನ್ನ ಅಂಗಡಿಯ ಷಟರ್ ಅರ್ಧ ಎಳೆದ.

ಮೊಣಕಾಲು ತಿರುವಿಗೊಂದು ಸಲ ನನ್ನನ್ನು ಬಯ್ಯುತ್ತಿತ್ತು. ಒಂದು ತಳ್ಳುಗಾಡಿ ತಪ್ಪಿಸಿದೆ. ಒಂದು ಬಸ್ಸಿಗೆ ಮುಂದಾದೆ. ನಿಜ ಹೇಳ್ತೀನಿ, ಬಸ್ಸು ನಿಂತಿತ್ತು.

ಹನ್ನೊಂದಕ್ಕೆ ಎರಡು ನಿಮಿಷ. ಕಟ್ಟಡ ಸಿಕ್ಕಿತು. ಬರಿಗೈಯಲ್ಲಿ ಮೆಟ್ಟಿಲು ಹತ್ತುವುದು ನನ್ನ ಪದ್ಧತಿಯಲ್ಲ. ಮೂಟೆ ಹೆಗಲಿಗೇರಿಸಿದೆ.

ಅಲ್ಲಿಗೆ ಬಂದು ನಿಂತೆವು. ಲೋಲಕ, ಕಬ್ಬಿಣ, ಮಧ್ಯೆ ನಾನು.

"ಯಾರ್ರೀ ನೀವು?" ಮೇಷ್ಟ್ರು ಕೇಳಿದರು. "ಲಾಂಡ್ರಿ ನಾಳೆ ಬನ್ನಿ!"

"ಲಾಂಡ್ರಿ ಅಲ್ಲ. ನಾನು... ನಿಮ್ಮ ಅಸಿಸ್ಟೆಂಟ್."

"ನನ್ನ ಅಸಿಸ್ಟೆಂಟ್!" ಅಂದರು ಮೇಷ್ಟ್ರು.

"ನನ್ನ ಅಸಿಸ್ಟೆಂಟ್!" ಅಂದರು ಗಡಿಯಾರದಮ್ಮ.

ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆಮೇಲೆ ನನ್ನನ್ನು ನೋಡಿದರು. ಲೋಲಕವೂ ಕೀಲಿಯೂ ನಿಧಾನವಾಗಿ ಒಂದೇ ದಿಕ್ಕಿಗೆ ತಿರುಗಿದವು.

ನನ್ನ ದಿಕ್ಕಿಗೆ!

"ಹಂಗಾದ್ರೆ ಆ ಪತ್ರ..."

"ನಾನು."

"ಮತ್ತೆ ಅದಕ್ಕೆ ಬಂದ ಉತ್ತರ..."

"ಅದೂ ನಾನೇ."

ಲೋಲಕ ಬೀಸಿ ಬಂತು! ಮೂಟೆ ಅಡ್ಡ ಹಿಡಿದೆ. ಧೊಪ್! ನಲವತ್ತು ಚಾದರ ನುಂಗಿಕೊಂಡವು. ಮೇಷ್ಟ್ರು ಕಬ್ಬಿಣ ಚುಚ್ಚಿದರು. ಅದು ಮೂಟೆಯಲ್ಲೇ ಸಿಕ್ಕಿಕೊಂಡಿತು. ಎಳೆದರು. ಬರಲಿಲ್ಲ. "ಸ್ವಲ್ಪ ಹಿಡ್ಕೋತೀರಾ?" ಅಂತ ನನ್ನನ್ನೇ ಕೇಳಿದರು. ಹಿಡಿದುಕೊಂಡೆ. ಗಿರಾಕಿ ಅಲ್ವಾ!

ಕೀಲಿ ಬಂತು. ಜೊತೆಗೆ ಸಿಟ್ಟೂ ಮರಳಿ ಬಂತು. ಈಗ ಮತ್ತೆ ಅವರಿಬ್ಬರ ನಡುವೆ.

"ಬರೆದದ್ದು ಇವರಾದ್ರೆ ಏನಾಯ್ತು?" ಮೇಷ್ಟ್ರು ಕೂಗಿದರು. "ಐದಕ್ಕೆ ಬಡಿಯೋರು ನೀವೇ ತಾನೆ?"

"ಒಂದಕ್ಕೆ ಗುದ್ದೋರು ಯಾರು? ನಿಮ್ಮ ತಾತನಾ?"

ಆಗ ಒಳಗಿನಿಂದ ಸದ್ದು ಶುರುವಾಯಿತು.

ಢಣ್... ಢಣ್... ಢಣ್...

ದೊಡ್ಡ ಗಡಿಯಾರ. ಹನ್ನೊಂದು ಹೊಡೆಯಿತು. ನಿಲ್ಲಲಿಲ್ಲ. ಲೋಲಕ ಕಿತ್ತರೆ ಗಡಿಯಾರಕ್ಕೆ ಲಗಾಮಿಲ್ಲ, ತಂಗಿ. ಮುಳ್ಳು ಗಿರ್ರನೆ ಓಡುತ್ತೆ. ಹನ್ನೆರಡು ಹೊಡೆಯಿತು. ಆ ಗಲಾಟೆಯಲ್ಲಿ ಜಗಳವಾಡುವ ಹಾಗಿಲ್ಲ. ಮೂವರೂ ಸುಮ್ಮನೆ ಕಾದೆವು. ಮೇಷ್ಟ್ರು ಕಾಲಲ್ಲಿ ತಾಳ ಹಾಕುತ್ತಿದ್ದರು.

ಸ್ವಲ್ಪ ಹೊತ್ತಿಗೆ ಮತ್ತೆ... ಢಣ್.

ಒಂದು.

ಮೇಷ್ಟ್ರು ತಲೆಯೆತ್ತಿದರು. ಅವರಿಗೇ ಗೊತ್ತಿಲ್ಲದೆ ಬಾಯಿಂದ ಬಂತು. "ಒಂದಾಯ್ತಲ್ಲ. ಊಟ ಮಾಡಿದ್ರಾ?"

ಗಡಿಯಾರದಮ್ಮ ಕಣ್ಣು ಕಣ್ಣು ಬಿಟ್ಟರು. "ನಾನು ಉಂಡ್ರೆ ಎಷ್ಟು, ಬಿಟ್ರೆ ಎಷ್ಟು? ನಿಮಗ್ಯಾಕ್ರೀ?"

"ನನಗ್ಯಾಕೆ? ಏನಿಲ್ಲ! ಬಾಯ್ತಪ್ಪಿ ಬಂತು!"

ಮೇಷ್ಟ್ರ ಕಿವಿ ಕೆಂಪಾಯಿತು. ಲೋಲಕ ಮತ್ತೆ ಮೇಲೆದ್ದಿತು.

ನನ್ನ ಫೋನು ಕೈಯಲ್ಲಿತ್ತು. ಕಸದ ಫೋಲ್ಡರ್ ಒಂದು ಬೆರಳಿನ ದೂರದಲ್ಲಿತ್ತು. ತೆರೆದರೆ ಗುಟ್ಟು ಹೋಯಿತು. ಗುಟ್ಟು ಹೋದರೆ ಪ್ರೊಫೈಲ್ ಹೋಯಿತು. ಪ್ರೊಫೈಲ್ ಹೋದರೆ... ಆ ಕೋಣೆ. ಆ ರಾಶಿ. ಎಡಗಾಲಿನ ನೀಲಿಗೆ ಬಲಗಾಲಿನ ನೀಲಿ ಹುಡುಕುತ್ತಾ ಮುದುಕಿಯಾಗುವುದು.

ಹದಿನೆಂಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಬದುಕಿದವಳು.

ದೇವರೇ, ಹೊಟ್ಟೆಗೆ ಹಾಕ್ಕೋ ಅಂದೆ. ತೆರೆದೆ.

ಗಟ್ಟಿಯಾಗಿ ಓದಿದೆ. ಮೊದಲು ಮೇಷ್ಟ್ರು ಹೇಳಿದ್ದು... ಊಟ, ತಲೆಸುತ್ತು, ಎರಡು ತುತ್ತು. ಆಮೇಲೆ ಅಮ್ಮ ಹೇಳಿದ್ದು... ಸೊಂಟ, ಕತ್ತಲು, ಹನ್ನೊಂದು ಗಡಿಯಾರ. "ಇದನ್ನ ಹೇಳೀರಾ ಮತ್ತೆ" ಅನ್ನುವುದನ್ನೂ ಓದಿದೆ. ಬರೆದುಕೊಂಡದ್ದನ್ನು ನಾನು ಪೂರ್ತಿ ಓದುವವಳು.



ಲೋಲಕ ಇಳಿಯಿತು. ಗಡಿಯಾರದಮ್ಮ ಸೆರಗಲ್ಲಿ ಅದನ್ನು ಒರೆಸತೊಡಗಿದರು, ಒರೆಸುವುದಕ್ಕೆ ಅದರಲ್ಲಿ ಏನೂ ಇರಲಿಲ್ಲ.

"ನಾನು ಅವತ್ತು ಬಿದ್ದಾಗ ನೀರು ತಂದಿಟ್ಟು ಹೋದೋರು ನೀವಾ?"

"ಕಣ್ಣು ಬಿಡ್ತೀರೇನೋ ಅಂತ ಓಡಿಹೋದೆ" ಅಂದರು ಮೇಷ್ಟ್ರು. "ಬಯ್ತೀರಾ ಅಂತ ಭಯ."

"ಬಯ್ದೇ ಬಯ್ತಿದ್ದೆ!"

ಒಳಗೆ ಗಡಿಯಾರ ಎರಡು, ಮೂರು, ನಾಲ್ಕು ದಾಟಿತು. ಐದು ಹೊಡೆಯಿತು.

"ಏಳಿ ಮತ್ತೆ" ಅಂದರು ಗಡಿಯಾರದಮ್ಮ. ಮೇಷ್ಟ್ರು ನಿಂತೇ ಇದ್ದರು. ಆದರೂ ಇನ್ನಷ್ಟು ನೆಟ್ಟಗೆ ನಿಂತರು.

ಅಷ್ಟರಲ್ಲಿ ನನ್ನ ತಮ್ಮ ಮೆಟ್ಟಿಲು ಹತ್ತಿ ಬಂದ. ಏದುಸಿರು. ಇಸ್ತ್ರಿಪೆಟ್ಟಿಗೆ ಆರಿತ್ತು. ಮೂಟೆಯಲ್ಲಿ ತೂತು ನೋಡಿದ. ನನ್ನನ್ನು ನೋಡಿದ. ತೂತಿಗೆ ಬೆರಳು ತೂರಿಸಿ ಎಷ್ಟು ಚಾದರ ಹೋದವು ಅಂತ ಎಣಿಸತೊಡಗಿದ. ಅದು ಬೈಗುಳಕ್ಕಿಂತ ಕೆಟ್ಟದ್ದು.

ಸೋಮವಾರಕ್ಕೆ ನನ್ನ ತಿಂಗಳು ಮುಗಿಯಿತು. ಅವತ್ತೇ ಇಬ್ಬರೂ ನನ್ನನ್ನು ಬಿಟ್ಟರು. ಬೈದು ಅಲ್ಲ. "ಇನ್ನು ಮೇಲ್ ಯಾಕೆ? ಗೋಡೆ ತಟ್ಟಿದ್ರೆ ಆಯ್ತು" ಅಂದರು ಗಡಿಯಾರದಮ್ಮ. ಮೇಷ್ಟ್ರು ಮಾತ್ರ ದನಿ ತಗ್ಗಿಸಿ, "ಆ ಹನ್ನೆರಡನೇ ಗಂಟೆ ಅಂತ ಬರೆದಿರಲ್ಲ, ಅದನ್ನ ನಾನೇ ಬರೆದದ್ದು ಅಂತ ಇಟ್ಕೋಬಹುದಾ?" ಅಂತ ಕೇಳಿದರು. ಇಟ್ಟುಕೊಳ್ಳಿ ಅಂದೆ.

ಸಂಜೆ ವಿಮರ್ಶೆ ಬಂತು. ಒಂದೇ ವಿಮರ್ಶೆ, ಇಬ್ಬರೂ ಕೂತು ಬರೆದದ್ದು. ತಮ್ಮ ಲ್ಯಾಪ್‌ಟಾಪಿನ ಮುಂದೆ ನಿಂತು ಜೋರಾಗಿ ಓದಿದ.

"'ಬರವಣಿಗೆ ಬಲು ಖಡಕ್. ಗುಟ್ಟು ಒಂದು ಚೂರೂ ನಿಲ್ಲುವುದಿಲ್ಲ. ಕ್ಯಾಲೆಂಡರ್ ಇವರ ಕೈಗೆ ಕೊಡಬೇಡಿ. ಐದಕ್ಕೆ ಐದು ನಕ್ಷತ್ರ.'" ತಲೆ ಕೆರೆದುಕೊಂಡ. "ಅಕ್ಕಾ, ಇದು ಹೊಗಳಿಕೆನಾ, ದೂರಾ?"

"ನಕ್ಷತ್ರ ಎಣಿಸೋ."

"ಗಿರಾಕಿ ಎಷ್ಟು ಜನ ಉಳಿದ್ರು ಅಂತಾನೂ ಎಣಿಸಲಾ?"

ಸೊನ್ನೆ. ಅವನು ಕಾಲುಚೀಲದ ಕೋಣೆಯ ಕೀಲಿಕೈ ತೆಗೆದು ನನ್ನ ಮುಂದಿಟ್ಟ. ಮೆತ್ತಗೆ ಇಟ್ಟ. ಒಳ್ಳೆಯ ಹುಡುಗ. ಅದಕ್ಕೇ ಇನ್ನೂ ಜಾಸ್ತಿ ನೋವಾಯಿತು.

ಎದ್ದೆ. ಕೀಲಿಕೈ ತೆಗೆದುಕೊಂಡೆ. ಎರಡು ಹೆಜ್ಜೆ ಇಟ್ಟೆ.

ಟಣ್!

ಹೊಸ ಗಿರಾಕಿ. ವಿಮರ್ಶೆ ನೋಡಿ ಬಂದವರು. ಹೆಸರಿಲ್ಲ, ಬರೀ 'ನಾಲ್ಕನೇ ಮಹಡಿ' ಅಂತ.

"ನಿಮ್ಮ ಬರವಣಿಗೆ ಖಡಕ್ ಅಂತ ಓದಿದೆ. ನನ್ನ ಕೆಳಗಿನ ಮಹಡಿಯ ಇಬ್ಬರು ನಿನ್ನೆಯಿಂದ ಒಂದು ಪಿಯಾನೋ, ಹನ್ನೊಂದು ಗಡಿಯಾರ ಸೇರಿಸಿ ಒಟ್ಟಿಗೆ ಬಾರಿಸುತ್ತಿದ್ದಾರೆ. ಜೊತೆಗೆ ಹಾಡುತ್ತಾರೆ ಕೂಡ. ಜೀವನ ಸಾಕಾಗಿದೆ. ಒಂದು ತಿಂಗಳ ಕೆಲಸ. ಇಂಥವರಿಗೆ ಬರೆದ ಅನುಭವ ಇದೆಯೇ?"

ಕೀಲಿಕೈಯನ್ನು ತಮ್ಮನ ಜೇಬಿಗೆ ಹಾಕಿದೆ. ಕೂತೆ.

"ಇದೆ" ಅಂತ ಬರೆದೆ.

ವಿಳಾಸ ಕೇಳಲಿಲ್ಲ.